ಸುಂಕಮ್ಮನ ಮಗಳ ಗೆರೆ

ಪಿಯುಸಿ ಫಲಿತಾಂಶದ ದಿನ ನಮ್ಮ ಕಾಲೇಜಿನ ಮಕ್ಕಳು ಅಂಕ ನೋಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅಂಕ ಯಾರಿಗೆ ಬೇಕು? ಎಲ್ಲರೂ ಕಾಯುವುದು ಗೆರೆಗೆ. ಬೆಳಿಗ್ಗೆ ಅಂಕ ಬರುತ್ತದೆ, ಊಟದ ಹೊತ್ತಿಗೆ ಗೆರೆ ಬರುತ್ತದೆ. ಆ ನಡುವಿನ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಯಾರೂ ನಗುವುದಿಲ್ಲ.

ಗೆರೆ ಅಂದರೇನೆಂದು ಗೊತ್ತಿಲ್ಲದವರು ಪುಣ್ಯವಂತರು. ನಾನು ಬಳ್ಳಾರಿಯ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವಳು. ವಿವರಿಸುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ವಿವರಿಸುತ್ತೇನೆ. ದಿಶಾಸೂಚಿ ಎಂಬ ಕಂಪನಿಯ ಯಂತ್ರವೊಂದಿದೆ. ಅದು ಪ್ರತಿ ವಿದ್ಯಾರ್ಥಿಯೂ ಮುಂದೆ ನಿವೃತ್ತಿಯವರೆಗೆ ಎಷ್ಟು ದುಡಿಯಬಹುದೆಂದು ಮೊದಲೇ ಅಂದಾಜು ಮಾಡಿ, ಅದನ್ನೊಂದು ಗೆರೆಯಾಗಿ ಎಳೆದುಕೊಡುತ್ತದೆ. ಕೆಲವರ ಗೆರೆ ಏರುತ್ತದೆ. ಕೆಲವರದು ಸ್ವಲ್ಪ ಏರಿ ಸುಸ್ತಾಗಿ ಮಲಗುತ್ತದೆ. ಕೆಲವರದು ಹುಟ್ಟುವಾಗಲೇ ಮಲಗಿರುತ್ತದೆ. ಕೆಲಸ ಕೊಡುವವರು ಈಗ ಅಂಕಪಟ್ಟಿ ಕೇಳುವುದಿಲ್ಲ, ಮಾತಾಡಿಸುವುದೂ ಇಲ್ಲ. ಗೆರೆ ನೋಡುತ್ತಾರೆ, ಅದು ಎಲ್ಲಿಂದ ಶುರುವಾಗುತ್ತದೋ ಅಲ್ಲಿಗೆ ಸಂಬಳ ನಿಗದಿ ಮಾಡುತ್ತಾರೆ.

ಸಂಬಳ ಗೆರೆಯಷ್ಟೇ ಕೊಟ್ಟ ಮೇಲೆ ಗೆರೆ ನಿಜವಾಗದೆ ಇನ್ನೇನಾಗುತ್ತದೆ? ಪ್ರತಿ ವರ್ಷ ಕಂಪನಿಯವರು ದೊಡ್ಡ ಜಾಹೀರಾತು ಹಾಕುತ್ತಾರೆ, ನಮ್ಮ ಅಂದಾಜು ತಪ್ಪಿದ್ದೇ ಇಲ್ಲ ಎಂದು. ಮನೆಗೆ ತಾನೇ ಬೆಂಕಿ ಹಚ್ಚಿ, ಇದು ಸುಡುತ್ತದೆಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ಬೀಗುವ ಜಾಣತನ ಇದು. ಮೊದಲೆಲ್ಲ ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ಒಂದೆರಡು ಕಡೆ ಅಲೆದು, ಕೆಲಸ ಬದಲಿಸಿ, ಸಂಬಳ ಹೆಚ್ಚಿಸಿಕೊಳ್ಳುತ್ತಿದ್ದರು. ಬಡವರ ಮಕ್ಕಳಿಗಿದ್ದ ಏಣಿ ಅದೊಂದೇ. ಈಗ ಎಲ್ಲಿಗೆ ಹೋದರೂ ಗೆರೆ ಬೆನ್ನ ಹಿಂದೆಯೇ ಬರುತ್ತದೆ. ಊರಿನಲ್ಲಿ ಹೊಸಬರ ಸಂಬಳ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಪ್ರಾಂಶುಪಾಲರು ಕರೆದು, ಸಿಲಬಸ್ಸಿನಲ್ಲಿ ಇಲ್ಲದ್ದು ಬೇಡ ವಿಶಾಲಾಕ್ಷಿ ಎಂದರು. ಬೆನ್ನ ಹಿಂದೆ ಮಕ್ಕಳು ನನ್ನನ್ನು ಒಗ್ಗರಣೆ ಮೇಡಂ ಎನ್ನುತ್ತಾರೆ, ಸಾಸಿವೆಯ ಹಾಗೆ ಸಿಡಿಯುತ್ತೇನಂತೆ. ಸಿಡಿಯದೆ ಏನು ಮಾಡಲಿ?

ಈ ವರ್ಷ ಸಿಡಿಯಲು ಕಾರಣವಾದವಳು ಶ್ರಾವಣಿ. ಕೌಲ್ ಬಜಾರಿನ ಹುಡುಗಿ. ತಾಯಿ ಸುಂಕಮ್ಮ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುವವಳು, ತಂದೆ ಇಲ್ಲ. ವಿಜ್ಞಾನ ವಿಭಾಗದಲ್ಲಿ ಕಾಲೇಜಿಗೇ ಮೊದಲು ಬಂದಿದ್ದಳು. ಊರಾಚೆ ಗಾಳಿಯಂತ್ರಗಳ ರೆಕ್ಕೆ ತಯಾರಿಸುವ ಕಾರ್ಖಾನೆಯಲ್ಲಿ ತಂತ್ರಜ್ಞರ ತರಬೇತಿಗೆ ಸೇರಬೇಕೆಂಬುದು ಅವಳ ಆಸೆ. ಎರಡು ವರ್ಷದಿಂದ ಬೇರೆ ಮಾತೇ ಇರಲಿಲ್ಲ.

ಅವಳ ಗೆರೆ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ನೆಲಕ್ಕೆ ಅಂಟಿಕೊಂಡ ಗೆರೆ. ಆರಂಭದಿಂದ ಕೊನೆಯವರೆಗೆ ಒಂದೇ ಸಮ. ಕೆಳಗೆ ಸೂಕ್ತ ಉದ್ಯೋಗ ಎಂಬಲ್ಲಿ, ಹೊಲಿಗೆ ಘಟಕ, ಸಹಾಯಕಿ ಎಂದಿತ್ತು. ಅವಳ ಪಕ್ಕದಲ್ಲಿ ನಿಂತಿದ್ದ ಗೆಳತಿ ರೇಷ್ಮಾ ಗಣಿತದಲ್ಲಿ ತೇಲಿಕೊಂಡು ಪಾಸಾದವಳು. ಅದೇ ಬೀದಿ, ಅವಳ ತಾಯಿಯದೂ ಅದೇ ಶೆಡ್ಡು. ರೇಷ್ಮಾಳ ಗೆರೆ ಚೆನ್ನಾಗಿ ಏರಿಕೊಂಡು ಹೋಗಿತ್ತು. ರೆಕ್ಕೆ ಕಾರ್ಖಾನೆಯ ತರಬೇತಿಗೆ ಅರ್ಹಳು ಎಂದಿತ್ತು.

ರೇಷ್ಮಾ ಅಳಲು ಶುರು ಮಾಡಿದಳು. ಶ್ರಾವಣಿ ಅಳಲಿಲ್ಲ. "ಮೇಡಂ, ಇದು ಯಾಕೆ ಹಿಂಗ್ ಬಂತು ಅಂತ ಯಾರನ್ನ ಕೇಳ್ಬೇಕು?" ಎಂದಳು.

ಕೇಳಲು ನಾನೇ ಹೋದೆ.

ದಿಶಾಸೂಚಿಯ ಕೇಂದ್ರದಲ್ಲಿ ತಣ್ಣಗಿನ ಗಾಳಿ, ಗೋಡೆಯಗಲದ ಪರದೆ. ಅದರ ಮೇಲೆ ಊರಿನ ಮಕ್ಕಳ ಗೆರೆಗಳೆಲ್ಲ ಬಣ್ಣಬಣ್ಣವಾಗಿ ಹರಿಯುತ್ತಿದ್ದವು. ಮೇಲ್ವಿಚಾರಕ ಕಿರೀಟಿ ಎಂಬ ಹೊಸಪೇಟೆಯ ಹುಡುಗ, ಬಹಳ ವಿನಯವಂತ. ಕುರ್ಚಿ ಕೊಟ್ಟ, ಟೀ ತರಿಸಿದ. ವಿನಯದಿಂದ ಅನ್ಯಾಯ ಮಾಡುವವರನ್ನು ಕಂಡರೆ ನನಗೆ ಇನ್ನಷ್ಟು ಉರಿಯುತ್ತದೆ.

"ಯಂತ್ರಕ್ಕೆ ಯಾರ ಮೇಲೂ ಸಿಟ್ಟಿಲ್ಲ ಮೇಡಂ," ಎಂದ ಅವನು. "ಹುಡುಗಿಯ ಅಂಕ ನೋಡುತ್ತೆ, ಓದಿದ ಶಾಲೆ ನೋಡುತ್ತೆ. ಆದರೆ ಎಲ್ಲಕ್ಕಿಂತ ಹೆಚ್ಚು ತೂಕ ಮನೆಯವರ ದುಡಿಮೆಗೆ. ತಂದೆತಾಯಿ ದುಡಿದ ಹಾಗೇ ಮಕ್ಕಳು ದುಡಿಯೋದು ಅಂತ ಹಳೇ ದಾಖಲೆಗಳಿಂದ ಅದು ಕಲಿತುಕೊಂಡಿದೆ. ಈ ಹುಡುಗಿಯ ತಾಯಿ ತುಂಬಾ ನಿಧಾನ. ಕೆಲಸ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇಲ್ಲ. ಶೆಡ್ಡಿನಲ್ಲೇ ಕೊನೆಯ ಸಾಲು."

"ಸುಂಕಮ್ಮನಾ?"

"ಹೌದು ಮೇಡಂ. ಹೊಲಿದದ್ದನ್ನು ಎಣಿಸೋ ಶೆಡ್ಡಿನ ಸ್ಕ್ಯಾನರಿನಲ್ಲಿ ದಾಖಲಾದದ್ದು, ಸುಳ್ಳಾಗಲ್ಲ."

ನನಗೆ ನಗು ಬಂತು, ಸಿಟ್ಟಿನ ನಗು. ಸುಂಕಮ್ಮನ ಕೈ ಎಂಥದೆಂದು ಕೌಲ್ ಬಜಾರಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಅವಳು ಜೇಬು ಕೂರಿಸುವುದನ್ನು ನೋಡಲು ಹೊಸ ಮಾಲೀಕರು ಬಂದು ನಿಲ್ಲುತ್ತಿದ್ದರು. ಎಲ್ಲೋ ಏನೋ ತಪ್ಪಿದೆ ಎಂದು ಸೀದಾ ಅವಳ ಮನೆಗೆ ಹೋದೆ.

ಸಂಜೆಯ ಹೊತ್ತು. ಸುಂಕಮ್ಮ ಆಗಷ್ಟೇ ಶೆಡ್ಡಿನಿಂದ ಬಂದು, ಬೆರಳಿನ ನೀಲಿ ಹೋಗಲೆಂದು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ರೇಷ್ಮಾಳ ತಾಯಿ ಹೊನ್ನೂರ್‌ಬೀ ಹೊಸ್ತಿಲ ಮೇಲೆ ಕೂತು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಶ್ರಾವಣಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಯಂತ್ರ ಹೇಳಿದ್ದನ್ನು ನಾನು ಹೇಳಿದೆ.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನೂರ್‌ಬೀಯ ಕೈಯಲ್ಲಿದ್ದ ಚಾಕು ನಿಂತಿತು.

"ಮುಯ್ಯಿ ಬಂಡಲ್," ಎಂದಳು ಅವಳು ಮೆಲ್ಲಗೆ.

ಸುಂಕಮ್ಮ ತಲೆ ಕೊಡವಿದಳು. "ಸುಮ್ನಿರೇ ನೀನು."

"ಯಾಕ್ ಸುಮ್ನಿರ್ಲಿ? ಮೇಡಂ, ಹೊಲದಾಗೆ ಇವತ್ತು ನಿನ್ನ ಕಳೆ ನಾನು ಕಿತ್ರೆ ನಾಳೆ ನನ್ನ ಹೊಲಕ್ಕೆ ನೀನು ಬರ್ತೀಯಲ್ಲ, ಅದೇ ಮುಯ್ಯಿ. ನಾವೆಲ್ಲ ಹಳ್ಳಿ ಬಿಟ್ಟು ಬಂದೋರು, ಶೆಡ್ಡಿಗೂ ಅದನ್ನೇ ತಂದ್ವಿ. ವಾರಕ್ಕೆ ಮಾಲೀಕ್ರು ಹೇಳಿದಷ್ಟು ಬಂಡಲ್ ಹೊಲಿಗೆ ಆಗ್ಲಿಲ್ಲಾಂದ್ರೆ ಮಿಷನ್ ಬೇರೆಯೋರಿಗೆ ಕೊಡ್ತಾರೆ. ಬಸುರಿ ಇರ್ತಾಳೆ, ಜ್ವರದಾಗೆ ಬಂದಿರ್ತಾಳೆ, ಮನೆಯಾಗೆ ಸಾವಾಗಿರ್ತದೆ, ಎಲ್ಲಿಂದ ಆಗ್ತದೆ? ಅಂಥೋರು ಬಂದು ಕೂತ್ರೆ ಸಾಕು. ಉಳಿದೋರು ತಾವು ಹೊಲಿದಿದ್ದನ್ನ ಸ್ಕ್ಯಾನರಿಗೆ ತೋರಿಸ್ವಾಗ ಅವಳ ನಂಬರ್ ಒತ್ತಿಬಿಡೋದು."

"ನೀವು ಎಷ್ಟು ಒತ್ತಿದಿರಿ ಸುಂಕಮ್ಮ?"

ಉತ್ತರ ಹೊನ್ನೂರ್‌ಬೀಯೇ ಕೊಟ್ಟಳು. "ಕೈ ಜೋರಿದ್ದೋಳು ಜಾಸ್ತಿ ಹಾಕ್ತಾಳೆ, ಅದೇ ರಿವಾಜು. ನನ್ನ ಗಂಡ ಹಾಸಿಗೆ ಹಿಡಿದಿದ್ದ ಅಷ್ಟೂ ವರ್ಷ ನನ್ನ ಅರ್ಧ ಬಂಡಲ್ ಇವಳವೇ."

ನಾನು ಹಣೆ ಹಿಡಿದುಕೊಂಡೆ. ಎಲ್ಲ ಬಿಡಿಸಿಟ್ಟ ಹಾಗೆ ಅರ್ಥವಾಯಿತು. ಯಂತ್ರ ಸುಂಕಮ್ಮನ ಔದಾರ್ಯವನ್ನು ನಿಧಾನ ಎಂದು ಓದಿಕೊಂಡಿತ್ತು. ಪಡೆದವಳು ಚುರುಕಾಗಿ ಕಂಡಳು, ಕೊಟ್ಟವಳು ಸೋಮಾರಿಯಾಗಿ ಕಂಡಳು. ಆ ಸೋಮಾರಿತನವನ್ನು ಯಂತ್ರ ಮಗಳ ತಲೆಗೆ ಕಟ್ಟಿತ್ತು.

ಶ್ರಾವಣಿ ಎದ್ದು ಕೂತಿದ್ದಳು. ಅವಳ ಮುಖ ಕೆಂಡವಾಗಿತ್ತು.

"ಹಂಗಾರೆ ನೀನು ಹಂಚಿದ್ದು ನನ್ನ ಪಾಲು," ಎಂದಳು ತಾಯಿಗೆ. "ನಿನ್ ಬಂಡಲ್ ಅಂದ್ಕೊಂಡಿದ್ದೀಯ ನೀನು. ಅಲ್ಲ. ಅದು ನಂದು. ಬೀದಿಗೆಲ್ಲ ದೊಡ್ಡೋಳಾದೆ, ನಂಗೇನ್ ಇಟ್ಟೆ?"

"ನಂಗೇನ್ ಗೊತ್ತಿತ್ತಮ್ಮ, ಆ ಮಿಷನ್ನು ನಿನ್ನ ಅಳೀಲಿಕ್ಕೆ ನನ್ನ ನೋಡ್ತದೆ ಅಂತ?"

"ಗೊತ್ತಿದ್ರೆ ಹಾಕ್ತಿರ್ಲಿಲ್ವಾ? ಹೇಳು!"

ಸುಂಕಮ್ಮ ಮತ್ತೆ ಬೆರಳಿನ ನೀಲಿ ತಿಕ್ಕತೊಡಗಿದಳು. ಸುಳ್ಳು ಹೇಳಲು ಬಾರದ ಹೆಂಗಸು. ಹೊನ್ನೂರ್‌ಬೀ ಹೆಚ್ಚಿದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೋದಳು.

ಮರುದಿನ ನಾನು ಮತ್ತೆ ಕಿರೀಟಿಯ ಮುಂದೆ ಕೂತಿದ್ದೆ. ಹೇಳಿದ್ದನ್ನೆಲ್ಲ ಅವನು ಗಮನವಿಟ್ಟು ಕೇಳಿದ. ಮುಖ ಸ್ವಲ್ಪ ಬಿಳಿಚಿತು, ಅಷ್ಟು ಮರ್ಯಾದೆ ಅವನಿಗಿತ್ತು.

"ತಿದ್ದೋಕೆ ದಾರಿ ಇದೆ ಮೇಡಂ. ಗುರುವಾರ ಆಕ್ಷೇಪಣೆಗಳ ವಿಚಾರಣೆ ಇದೆ. ದಾಖಲೆ ಸುಳ್ಳು ಅಂತ ತಾಯಿ ಬರೆದುಕೊಡಬೇಕು. ಆದರೆ ಯಾರ ನಂಬರಿಗೆ ಎಷ್ಟು ಕೊಟ್ಟರು ಅಂತ ಹೆಸರು ಹೇಳಬೇಕಾಗುತ್ತೆ. ಇವರಿಗೆ ಸೇರಿಸಬೇಕಾದರೆ ಅವರಿಂದ ಕಳೆಯಬೇಕಲ್ಲ. ಪಡೆದವರದು ವಂಚನೆ ಅಂತ ದಾಖಲಾಗುತ್ತೆ. ಅವರ ಮಕ್ಕಳ ಗೆರೆ..."

"ಮಲಗುತ್ತದೆ."

"ಹೌದು ಮೇಡಂ."

"ಅಂದರೆ ಇಷ್ಟು ವರ್ಷ ಒಬ್ಬರನ್ನೊಬ್ಬರು ಎತ್ತಿಹಿಡಿದ ಹೆಂಗಸರು ಈಗ ನಿಮ್ಮ ಮುಂದೆ ಬಂದು ಒಬ್ಬರನ್ನೊಬ್ಬರು ಕಳ್ಳಿ ಅನ್ನಬೇಕು. ಆಗ ನಿಮ್ಮ ಯಂತ್ರಕ್ಕೆ ಸಮಾಧಾನ."

"ಯಂತ್ರಕ್ಕೆ ಬೇರೆ ದಾರಿ ಗೊತ್ತಿಲ್ಲ ಮೇಡಂ. ಅದು ಪ್ರತಿ ಭಾನುವಾರ ಹೊಸದಾಗಿ ಕಲಿಯುತ್ತೆ ನಿಜ. ಹೊಸಬರು ಕೆಲಸಕ್ಕೆ ಸೇರಿದ ಮೇಲೆ ಮೊದಲ ತಿಂಗಳುಗಳ ಕೆಲಸವನ್ನೂ ನೋಡುತ್ತೆ, ಅದಕ್ಕೆ ತೂಕ ಜಾಸ್ತಿ. ಆದರೆ ನಾವು ಏನು ಕೊಡ್ತೀವೋ ಅದನ್ನಷ್ಟೇ ಕಲಿಯುತ್ತೆ."

ಇದನ್ನೆಲ್ಲ ಸುಂಕಮ್ಮನ ಮನೆಯಲ್ಲಿ ಹೇಳಿದೆ. ಹೇಳಿ, ಸಹಿ ಹಾಕಿ ಎಂದೆ. ಹೌದು, ನಾನೇ ಅಂದೆ. ಮೊದಲ ಸ್ಥಾನ ಬಂದ ಹುಡುಗಿ ಸಹಾಯಕಿಯಾಗಿ ದಾರ ಕತ್ತರಿಸುತ್ತ ಕೂರುವುದನ್ನು ನೆನೆದರೆ ನನ್ನ ಮೈ ಉರಿಯುತ್ತಿತ್ತು. ರೇಷ್ಮಾಳಿಗೆ ಇನ್ನೊಂದು ದಾರಿ ಹುಡುಕೋಣ ಎಂದೂ ಹೇಳಿದೆ, ಇನ್ನೊಂದು ದಾರಿ ಇಲ್ಲವೆಂದು ಗೊತ್ತಿದ್ದೂ.

ಸುಂಕಮ್ಮ ಮಗಳ ಕಡೆ ತಿರುಗಿದಳು.

"ನೀನು ಹುಟ್ಟಿದಾಗ ನಂಗೆ ನಂಜಾಯ್ತು. ಎದ್ದು ನಿಲ್ಲೋಕಾಗ್ತಿರ್ಲಿಲ್ಲ. ನಿಮ್ಮಪ್ಪ ಅಷ್ಟೊತ್ತಿಗೆ ಹೋಗಿಬಿಟ್ಟಿದ್ದ. ಆವಾಗ ಸ್ಕ್ಯಾನರ್ ಇರ್ಲಿಲ್ಲ, ಮೇಸ್ತ್ರಿ ಬಾಯ್ಲೆಕ್ಕ. ಹೊನ್ನೂರ್‌ಬೀ ಹೊಸದಾಗಿ ಸೇರಿದ್ಲು, ಕೈ ಇನ್ನೂ ಕೂತಿರ್ಲಿಲ್ಲ. ಆದ್ರೂ ತಾನು ಹೊಲಿದಿದ್ದನ್ನ ಸುಂಕಮ್ಮಂದು ಅಂತ ಹೇಳಿ ಕೊಟ್ಟು ಬರ್ತಿದ್ಲು. ನೀನು ಕುಡಿದ ಹಾಲು ಅವಳ ಬಂಡಲ್ಲಿಂದ ಬಂದಿದ್ದು. ನಿಂಗೆ ಬೇಕಾದ್ರೆ ನಾನು ಸಹಿ ಹಾಕ್ತೀನಿ ಶ್ರಾವಣಿ. ನೀನು ನನ್ನ ಮಗಳು, ನಿನ್ ಮುಂದೆ ನಂಗೆ ಯಾರೂ ದೊಡ್ಡೋರಲ್ಲ. ಆದ್ರೆ ಹಾಕಿದ ಮ್ಯಾಲೆ ಆ ಶೆಡ್ಡಿಗೆ ನಾನು ಹೋಗಲ್ಲ. ಅವಳ ಮುಖ ನೋಡಲ್ಲ."

ಆ ಹಾಲನ್ನು ಯಂತ್ರ ನೋಡಿರಲಿಲ್ಲ. ನೋಡುವ ಕಣ್ಣು ಅದಕ್ಕೆ ಇಟ್ಟವರು ಯಾರು? ಅದಕ್ಕೆ ಕಂಡದ್ದು ಸ್ಕ್ಯಾನರ್ ಬಂದ ಮೇಲಿನ ಬದುಕು ಮಾತ್ರ, ಅದೂ ಅರ್ಧ. ಶ್ರಾವಣಿ ಎದ್ದು ಹೊರಗೆ ಹೋದಳು. ಎದುರು ಮನೆಯ ಕಟ್ಟೆಯ ಮೇಲೆ ರೇಷ್ಮಾ ಒಬ್ಬಳೇ ಕೂತಿದ್ದಳು. ಇಬ್ಬರೂ ಮಾತಾಡಿಕೊಂಡದ್ದು ನನಗೆ ಕೇಳಲಿಲ್ಲ.

ಗುರುವಾರ ವಿಚಾರಣೆಗೆ ನಾನೂ ತಾಯಿ ಮಗಳೂ ಹೋದೆವು. ಮೇಜಿನ ಆಚೆ ಕಂಪನಿಯ ಮುಖ್ಯಸ್ಥರು, ಕೋಟು ಹಾಕಿಕೊಂಡವರು, ಪಕ್ಕದಲ್ಲಿ ಕಿರೀಟಿ. ನಿಮ್ಮ ಆಕ್ಷೇಪಣೆ ಏನಮ್ಮ ಎಂದು ಮುಖ್ಯಸ್ಥರು ಕೇಳಿದರು.

ಶ್ರಾವಣಿ ನಿಂತುಕೊಂಡು, "ಆಕ್ಷೇಪಣೆ ಇಲ್ಲ ಸಾರ್," ಎಂದಳು.

ನಾನು ಅವಳ ತೋಳು ಹಿಡಿದು ಜಗ್ಗಿದೆ. ಅವಳು ಕೈ ಬಿಡಿಸಿಕೊಂಡಳು.

"ಒಂದ್ ವಿಷಯ ಕೇಳ್ಲಾ ಸಾರ್? ನಾವು ಕೆಲಸಕ್ಕೆ ಸೇರಿದ ಮ್ಯಾಲೆ ಮಾಡಿದ್ದನ್ನೂ ನಿಮ್ ಯಂತ್ರ ನೋಡ್ತದಂತೆ, ಹೌದಾ?"

"ಹೌದಮ್ಮ. ಶ್ರಮಪಟ್ಟರೆ ಗೆರೆ ಖಂಡಿತ ಬದಲಾಗುತ್ತೆ," ಎಂದು ಮುಖ್ಯಸ್ಥರು ಖುಷಿಯಿಂದ ನಕ್ಕರು. ಹೊರಗೆ ಬಂದ ಮೇಲೆ ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. ಎರಡು ವರ್ಷದ ಓದು ಗಾಳಿಗೆ ತೂರಿದೆ ಎಂದೆ. ಅವಳು ಎಲ್ಲ ಕೇಳಿಸಿಕೊಂಡು, "ಬೈರಿ ಮೇಡಂ, ಆದ್ರೆ ಒಂದು ಸಹಾಯ ಮಾಡ್ರಿ," ಎಂದಳು. "ನಮ್ ಬ್ಯಾಚಿನಾಗೆ ಯಾರ್ಯಾರು ಯಾವ್ಯಾವ ಶೆಡ್ಡು, ಯಾವ ಕಾರ್ಖಾನೆ ಸೇರ್ತಾರೆ ಅಂತ ನಿಮಗೆ ಗೊತ್ತಾಗ್ತದಲ್ಲ. ಎಲ್ಲಾರನ್ನೂ ಒಂದ್ಸಲ ಕಾಲೇಜಿಗೆ ಕರೀರಿ."

ಕರೆದೆ. ಬೀಳ್ಕೊಡುಗೆ ಸಮಾರಂಭ ಎಂದು ಸುಳ್ಳು ಹೇಳಿ ಪ್ರಾಂಶುಪಾಲರಿಂದ ಅನುಮತಿ ಪಡೆದೆ. ಚೌಚೌ ಬಾತೂ ತರಿಸಿದೆ. ಶ್ರಾವಣಿ ಮತ್ತು ರೇಷ್ಮಾ ಇಬ್ಬರೂ ವೇದಿಕೆಯ ಮೇಲೆ ನಿಂತು ಮುಯ್ಯಿ ಎಂದರೇನೆಂದು ಹೇಳಿ, ಇನ್ನು ಕೆಲಸದಲ್ಲಿ ಎಲ್ಲರೂ ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಬರೆಸೋಣ, ಆಗ ಯಂತ್ರ ಏನು ಕಲಿಯುತ್ತದೋ ನೋಡೋಣ ಎಂದರು. ಹಿಂದಿನ ಬೆಂಚಿನಿಂದ ಒಬ್ಬ, "ನನ್ನ ಗೆರೆ ಚೆನ್ನಾಗೈತೆ, ನಾನ್ಯಾಕೆ ಹಾಳು ಮಾಡ್ಕೊಳ್ಳಲಿ?" ಎಂದ. ರೇಷ್ಮಾ ಅವನಿಗೆ ಹೇಳಿದಳು, "ನಂದೂ ಚೆನ್ನಾಗೈತೆ. ಅದು ನಂದಲ್ಲ ಅಂತ ನಂಗೆ ಗೊತ್ತು. ನಿಂದು ನಿಂದೇ ಅಂತ ನಿಂಗೆ ಗೊತ್ತಾ?" ಅವನು ಕೂತುಕೊಂಡ. ಒಪ್ಪದವರೂ ಇದ್ದರು, ಎದ್ದು ಹೋದರು. ಹೋದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮನೆಯ ಒಲೆಯೂ ಉರಿಯಬೇಕು.

ಶ್ರಾವಣಿ ಸಹಾಯಕಿಯಾಗಿ ಶೆಡ್ಡು ಸೇರಿದಳು. ಸೇರಿದ ಕೆಲವೇ ದಿನಗಳಲ್ಲಿ ಅವಳಿಗೆ ಮಿಷನ್ ಕೊಡಬೇಕಾಯಿತು, ತಾಯಿಯ ಕೈ ಅವಳದೂ. ಆದರೆ ಹೊಲಿದದ್ದನ್ನು ಅವಳು ತನ್ನ ನಂಬರಿಗೆ ಒತ್ತುತ್ತಿರಲಿಲ್ಲ. ಇವತ್ತು ಒಬ್ಬರ ನಂಬರು, ನಾಳೆ ಇನ್ನೊಬ್ಬರದು. ಅವಳ ನಂಬರನ್ನು ಮತ್ತೊಬ್ಬರು ಒತ್ತುತ್ತಿದ್ದರು. ವಾರದ ಕೊನೆಗೆ ಕೂಲಿ ಬಂದಾಗ ಕಟ್ಟೆಯ ಮೇಲೆ ಕೂತು ಯಾರ ದುಡಿಮೆ ಯಾರದೋ ಅವರಿಗೆ ಹಂಚಿಬಿಡುತ್ತಿದ್ದರು. ರೆಕ್ಕೆ ಕಾರ್ಖಾನೆಯಲ್ಲಿ ರೇಷ್ಮಾ ಇದನ್ನೇ ಶುರು ಮಾಡಿದಳು. ಅಲ್ಲಿ ಬಂಡಲ್ ಇಲ್ಲ, ರೆಕ್ಕೆಗೆ ಗಾಜಿನ ನಾರಿನ ಹಾಸು ಹಾಸಿದವರು ಯಾರೆಂದು ಪ್ರತಿ ಪಾಳಿಯಲ್ಲೂ ದಾಖಲಿಸುತ್ತಾರೆ, ಅಷ್ಟೇ ವ್ಯತ್ಯಾಸ. ಬಣ್ಣದ ಘಟಕದಲ್ಲಿ ಶುರುವಾಯಿತು, ಗೋದಾಮುಗಳಲ್ಲಿ ಶುರುವಾಯಿತು. ತಾಯಂದಿರು ಕಷ್ಟಕ್ಕೆ ಮಾಡಿದ್ದನ್ನು ಮಕ್ಕಳು ಹಟಕ್ಕೆ ಮಾಡಿದರು.

ಚಳಿ ಶುರುವಾಗುವ ಹೊತ್ತಿಗೆ ಕಿರೀಟಿ ಫೋನು ಮಾಡಿ, ದಯವಿಟ್ಟು ಒಮ್ಮೆ ಬನ್ನಿ ಮೇಡಂ ಎಂದ.

ಕೇಂದ್ರದಲ್ಲಿ ಈ ಸಲ ಟೀ ಬರಲಿಲ್ಲ. ಪರದೆಯ ಮೇಲೆ ಗೆರೆಗಳು ಬೆಕ್ಕು ಆಡಿದ ನೂಲಿನುಂಡೆಯಂತಾಗಿದ್ದವು. ಏರಬೇಕಾದದ್ದು ಇಳಿದಿತ್ತು, ಇಳಿದದ್ದು ಮರುವಾರ ಏರಿತ್ತು. ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಮುಖ್ಯಸ್ಥರು ಕೋಟು ಬಿಚ್ಚಿಟ್ಟು ಬೆವರುತ್ತಿದ್ದರು.

"ಇದು ವಂಚನೆ," ಎಂದರು ಅವರು. "ನಿಮ್ಮ ವಿದ್ಯಾರ್ಥಿಗಳು ಸುಳ್ಳು ದಾಖಲೆ ಕೊಡ್ತಿದ್ದಾರೆ. ಯಾರು ಯಾರಿಗೆ ಕೊಡ್ತಿದ್ದಾರೆ ಅಂತ ನಿಮಗೆ ಗೊತ್ತು."

"ಹೋಗಿ ನೋಡಿಕೊಂಡು ಬನ್ನಿ," ಎಂದೆ. "ಶೆಡ್ಡಿನಲ್ಲಿ ನಿಂತು, ಯಾರು ಏನು ಹೊಲಿಯುತ್ತಾರೆ ಅಂತ ಕಣ್ಣಾರೆ ನೋಡಿ. ಯಾರೂ ಬೇಡ ಅನ್ನುವುದಿಲ್ಲ."

"ಅದು ಸಾಧ್ಯವಿಲ್ಲ. ಅಷ್ಟು ಜನರನ್ನು ನೋಡಲು ಯಾರಿಗೆ ಪುರುಸೊತ್ತಿದೆ?"

ಆಗ ನನ್ನ ಸಿಟ್ಟು ನೆತ್ತಿಗೇರಿತು. "ನೋಡುವ ಪುರುಸೊತ್ತಿಲ್ಲದವರು ನಲವತ್ತು ವರ್ಷದ ಹಣೆಬರಹ ಬರೆಯಲು ಹೇಗೆ ಕೂತಿರಿ? ಸುಂಕಮ್ಮನನ್ನು ಸೋಮಾರಿ ಎಂದು ಬರೆಯುವ ಮುಂಚೆ ನಿಮ್ಮಲ್ಲೊಬ್ಬ, ಒಬ್ಬನಾದರೂ, ಅವಳು ಜೇಬು ಕೂರಿಸುವುದನ್ನು ಹೋಗಿ ನೋಡಿದ್ದನೇ? ಮಕ್ಕಳು ಸುಳ್ಳು ದಾಖಲೆ ಕೊಡುತ್ತಿಲ್ಲ. ನಿಮ್ಮದೇ ಸುಳ್ಳನ್ನು ನಿಮಗೆ ವಾಪಸ್ ಕೊಡುತ್ತಿದ್ದಾರೆ."

ಕಿರೀಟಿ ತಲೆ ತಗ್ಗಿಸಿ ಕೂತಿದ್ದ. ಪರದೆಯ ಮೂಲೆಯಲ್ಲಿ ಒಂದು ಕೆಂಪು ಸಾಲು ಮೂಡಿತ್ತು. ಅಂದಾಜು ಸಾಧ್ಯವಿಲ್ಲ ಎಂದು ಬರೆದಿತ್ತು. ಅವನು ಅದನ್ನು ಅಳಿಸಲು ಹೋಗಲಿಲ್ಲ.

ತಪ್ಪುವ ಗೆರೆಗೆ ಯಾವ ಕಾರ್ಖಾನೆಯವನು ಕಾಸು ಕೊಡುತ್ತಾನೆ? ಒಬ್ಬೊಬ್ಬರೇ ಕೈಬಿಟ್ಟರು. ತಾಂತ್ರಿಕ ಕಾರಣದಿಂದ ನಮ್ಮ ಊರಿನಲ್ಲಿ ಸೇವೆ ತಾತ್ಕಾಲಿಕವಾಗಿ ಸ್ಥಗಿತ ಎಂದು ದಿಶಾಸೂಚಿ ಪ್ರಕಟಿಸಿತು. ಕ್ಷಮೆ ಎಂಬ ಪದ ಅದರಲ್ಲಿರಲಿಲ್ಲ. ಇಷ್ಟು ವರ್ಷ ಮಲಗಿದ ಗೆರೆಗಳ ಕೆಳಗೆ ಸಿಕ್ಕಿಕೊಂಡು ಕಡಿಮೆ ಸಂಬಳಕ್ಕೆ ದುಡಿದ ಮಕ್ಕಳಿಗೆ ಯಾರೂ ಏನನ್ನೂ ಹಿಂದಿರುಗಿಸಲಿಲ್ಲ. ಸುಂಕಮ್ಮ ಅವರ ದಾಖಲೆಯಲ್ಲಿ ಇವತ್ತಿಗೂ ಕೊನೆಯ ಸಾಲಿನ ಸೋಮಾರಿ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಬೇರೆ ಊರುಗಳಲ್ಲಿ ಆ ಯಂತ್ರ ಇನ್ನೂ ಗೆರೆ ಎಳೆಯುತ್ತಲೇ ಇದೆ.

ಶ್ರಾವಣಿ ರೆಕ್ಕೆ ಕಾರ್ಖಾನೆಯ ಸಂದರ್ಶನಕ್ಕೆ ಹೋದ ದಿನ ಸುಂಕಮ್ಮ, ಹೊನ್ನೂರ್‌ಬೀ ಇಬ್ಬರೂ ಶೆಡ್ಡಿಗೆ ರಜೆ ಹಾಕಿ ಬಂದಿದ್ದರು. ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಬಾಗಿಲು ಅರ್ಧ ತೆರೆದಿತ್ತು, ಒಳಗಿನ ಮಾತು ಕೇಳುತ್ತಿತ್ತು. ಅಧಿಕಾರಿ ಹಳೆಯ ರೂಢಿಯ ಮನುಷ್ಯ. ಅವನ ಕೈ ತಾನಾಗಿಯೇ ಪರದೆಯ ಕಡೆ ಹೋಯಿತು.

"ನಿನ್ನ ಗೆರೆ ಎಲ್ಲಮ್ಮ?"

"ಇಲ್ಲ ಸಾರ್."

"ಮತ್ತೆ ನಿನ್ನ ಕೆಲಸ ಹೆಂಗಿರುತ್ತೆ ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಸುಂಕಮ್ಮ ಹೊನ್ನೂರ್‌ಬೀಯ ಕೈ ಹಿಡಿದುಕೊಂಡಳು. ಒಳಗೆ ಕುರ್ಚಿ ಸರಿದ ಸದ್ದಾಯಿತು. ಶ್ರಾವಣಿ ಎದ್ದು ನಿಂತಿರಬೇಕು.

"ಕೆಲಸ ಕೊಟ್ಟು, ಪಕ್ಕದಾಗೆ ನಿಂತು ನೋಡ್ರಿ ಸಾರ್."